ಜಮೈಕಾಕ್ಕೆ ಹೋದ ತೆಂಗಿನಕಾಯಿ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಐವತ್ತೆರಡರಲ್ಲಿ, ಮಿಡ್ಲ್ ಸ್ಕೂಲು ಮುಗಿಯುವ ಮೊದಲೇ. ನನ್ನ ಅಕ್ಕನ ಗಂಡ ಓದು ನಿಲ್ಲಿಸಲೇ ಇಲ್ಲ. ಎಂಜಿನಿಯರಾಗಿ ಅಮೆರಿಕದ ಹ್ಯೂಸ್ಟನ್ನಿಗೆ ಬಂದ ಮೇಲೂ ಸಂಜೆ ಕಾಲೇಜಿಗೆ ಹೋದರು. ಆದರೇನು? ಜಮೈಕಾಕ್ಕೆ ತೆಂಗಿನಕಾಯಿ ಹೊತ್ತುಕೊಂಡು ಹೋದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಭಾವನೇ!

ಭಾವ ಮಹಾ ಜಿಪುಣರೆಂದು ಊರಿನ ಕನ್ನಡದ ಮನೆಗಳಿಗೆಲ್ಲ ಗೊತ್ತು. ಒಮ್ಮೆ ಕುದಿಸಿದ ಟೀ ಪುಡಿಯನ್ನು ಒಣಗಿಸಿ ಮತ್ತೆ ಕುದಿಸುತ್ತಾರೆ. ಆಸ್ಟಿನ್ನಿಗೆ ಹೊರಟರೆ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುತ್ತಾರೆ. ಆಮೇಲೆ ಕಾರು ಬರುವುದು ನನ್ನ ಗ್ಯಾರೇಜಿಗೇ.

ನನ್ನ ಗುಣವೂ ಅವರಿಗೆ ಗೊತ್ತು. ಅವರ ಹಿಂದೆಯೇ ಹ್ಯೂಸ್ಟನ್ನಿಗೆ ಬಂದು ಅವರ ಮನೆಯಲ್ಲಿದ್ದ ಮೊದಲ ವರ್ಷ, ಭಾವನ ಮನೆ ಅನ್ನ ಮೈಗೆ ಹಿಡಿದಿದೆ ಎಂದು ಯಾರೋ ಅಂದದ್ದಕ್ಕೆ ಬೇರೆ ಮನೆ ಮಾಡಿದವನು ನಾನು. ಆಮೇಲೆ ಅವರಿಂದ ಒಂದು ಕರ್ಚೀಫನ್ನೂ ಬಿಟ್ಟಿ ತೆಗೆದುಕೊಂಡಿರಲಿಲ್ಲ. ಭಾನುವಾರವೂ ಗ್ಯಾರೇಜು ತೆಗೆಯುತ್ತಿದ್ದೆ. ರಜೆಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ.

ಒಂದು ದಿನ ಭಾವ ಬಂದು, ಜಮೈಕಾಕ್ಕೆ ಎರಡು ಟಿಕೆಟ್ ತೆಗೆದರೆ ಮೂರನೆಯದು ಫ್ರೀ ಎಂದರು.

"ನಾನು, ನಿಮ್ಮಕ್ಕ ಹೋಗ್ತೀವಿ. ಇನ್ನೊಂದು ಸೀಟು ಸುಮ್ನೆ ವೇಸ್ಟ್ ಆಗುತ್ತಲ್ಲಯ್ಯಾ. ನೀನು ಬಂದ್ರೆ ಕುಕ್ಕರ್ ಹೊರೋಕೂ ಒಂದು ಜನ ಆಯ್ತು."

ಕೊಡುವುದು ವಿಮಾನದವರು, ಭಾವ ಅಲ್ಲ. ಮೇಲಾಗಿ ಕೂಲಿ ಕೆಲಸವೂ ಇದೆ. ಒಪ್ಪಿದೆ.

ಹೊರಡುವ ಮುಂಚೆ ಕಾಯಿ ಒಡೆಯಬೇಕೆಂದಳು ಅಕ್ಕ. ಇಲ್ಲಿ ಒಡೆದರೆ ಹೋಳು ಹಾಳು, ಅಲ್ಲಿ ಒಡೆದರೆ ಚಟ್ನಿಗಾದರೂ ಆಗುತ್ತದೆ ಎಂದರು ಭಾವ. ಜಮೈಕಾದ ಕಸ್ಟಮ್ಸ್ ಅಧಿಕಾರಿ ಪೆಟ್ಟಿಗೆ ತೆಗೆಸಿದ. ಅವಲಕ್ಕಿ, ಸಾರಿನ ಪುಡಿ, ಕರೆಂಟ್ ಒಲೆ, ಕುಕ್ಕರ್. ಕುಕ್ಕರಿನೊಳಗೆ ಜುಟ್ಟು ಸಮೇತ ಕಾಯಿ. ಅವನು ಕಾಯಿಯನ್ನು ನೋಡಿದ, ಕಿಟಕಿಯಾಚೆ ಸಾಲಾಗಿ ನಿಂತ ತೆಂಗಿನ ಮರಗಳನ್ನು ನೋಡಿದ, ಭಾವನನ್ನು ನೋಡಿದ. ಕಾಯಿ ಜಪ್ತಿಯಾಯಿತು. ಹಾಗಾದರೆ ನೀವೇ ಒಡೆಯಿರಿ, ನಿಮಗೂ ಒಳ್ಳೆಯದಾಗುತ್ತದೆ ಎಂದು ಭಾವ ಅವನಿಗೆ ಇಂಗ್ಲಿಷಿನಲ್ಲಿ ಹರಸಿ ಬಂದರು.

ಮೂವರಿಗೂ ಒಂದೇ ರೂಮು. ಕುಕ್ಕರ್ ಕೂಗಿದಾಗ ಏನೋ ಸಿಡಿಯಿತೆಂದು ಹೋಟೆಲಿನ ಒಡತಿ ಬಕೆಟ್ ನೀರು ಹಿಡಿದು ಓಡಿ ಬಂದಳು. ಸಾರು ಕುಡಿದು ಹೋದಳು. ನಾನು ಮಾತ್ರ ವಾರವಿಡೀ ಸಮುದ್ರದೆದುರು ಮಲಗಿದ್ದೆ. ಉಗುರಿನ ಸಂದಿಯ ಗ್ರೀಸು ಆ ನೀರಿನಲ್ಲಿ ಮೊದಲ ಸಲ ಪೂರ್ತಿ ಹೋಯಿತು.

ಮರುವರ್ಷ ಅವರಿಬ್ಬರನ್ನು ಕರೆದುಕೊಂಡು ಹೋಗುವ ಸರದಿ ನನ್ನದು. ಅದೇ ಟ್ರಾವೆಲ್ ಆಫೀಸಿಗೆ ಹೋಗಿ ಎರಡು ಟಿಕೆಟ್ ಹೇಳಿ, ಫ್ರೀ ಟಿಕೆಟ್ ಎಲ್ಲಿ ಎಂದೆ. ಅಂಥದ್ದು ಯಾವತ್ತೂ ಇರಲಿಲ್ಲ, ನಿಮ್ಮ ಭಾವ ಮೂರಕ್ಕೂ ದುಡ್ಡು ಕಟ್ಟಿದ್ದಾರೆ ಎಂದಳು ಅಲ್ಲಿಯ ಹೆಂಗಸು.

ನೇರ ಭಾವನ ಮನೆಗೆ ಹೋದೆ. ಹಳೇ ಟೀ ಪುಡಿ ಕುದಿಸುತ್ತಿದ್ದರು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ಫ್ರೀ ಅನ್ನದಿದ್ರೆ ನೀನು ಬರ್ತಿದ್ದೇನಯ್ಯಾ?" ಒಲೆಯಿಂದ ಕಣ್ಣು ತೆಗೆಯಲಿಲ್ಲ. "ನೆಮ್ಮದಿಯಾಗಿ ಮಲಗಿ ಎಷ್ಟು ವರ್ಷ ಆಗಿತ್ತೋ ನಿಂಗೆ."

ಟೀ ಕೊಟ್ಟರು. ನೀರುನೀರಾಗಿತ್ತು. ಕುಡಿದು, ಇನ್ನೊಂದು ಲೋಟ ಕೇಳಿದೆ.

ಈಗ ನನಗಿರುವುದು ಇಷ್ಟು: ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ಗ್ಯಾರೇಜು ಒಂದು, ಪೇರ್ಲ್ಯಾಂಡಿನಲ್ಲಿ ಮನೆ ಒಂದು, ಅಕ್ಕ ಒಬ್ಬಳು, ಭಾವ ಒಬ್ಬರು.