ಸೋಲಾರಿಗೊಂದು ಗೌಸು

ನಮ್ಮ ಸೋದರಮಾವ ಬದುಕಿನಲ್ಲಿ ಯಾವ ಕೆಲಸವನ್ನೂ ಪೂರ್ತಿ ಮುಗಿಸಿದವರಲ್ಲ ಎಂದರೆ ನೀವು ಅವರನ್ನು ಸೋಮಾರಿ ಎಂದುಕೊಳ್ಳುತ್ತೀರಿ. ಸೋಮಾರಿಯಾಗಿದ್ದರೆ ನನಗೆಷ್ಟೋ ಆರಾಮಿತ್ತು! ಅವರದು ಬೇರೆಯೇ ರೋಗ. ಯಾವುದನ್ನು ಮಾಡಿದರೂ "ಮುಂದ ಬೆಳಸಬೌದು" ಎಂದು ಜಾಗ ಬಿಡುತ್ತಾರೆ. ಮುಂದಿನ ಅಂತಸ್ತಿಗೆಂದು ಮಾಳಿಗೆಯ ಮೇಲೆ ಬಿಟ್ಟ ಕಬ್ಬಿಣದ ಸರಳುಗಳು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಆಕಾಶ ನೋಡುತ್ತ ನಿಂತಿವೆ. ಅವರ ಪ್ಯಾಂಟಿನ ಒಳಮಡಿಕೆ ಬಿಚ್ಚಿದರೆ ಇನ್ನೊಂದು ಚೀಲವೇ ಹೊಲಿಯಬಹುದು.

"ನನ್ನ ಕುಪ್ಪಸಾನೂ ಹಂಗ ಹೊಲಿಸ್ಯಾರಪ್ಪ. ನಾ ಇನ್ನೆಷ್ಟು ದಪ್ಪ ಆಗ್ಬೇಕಂತ?" ಎನ್ನುತ್ತಾರೆ ಅತ್ತೆ.

ಇಷ್ಟು ಮಾತಾಡುವಷ್ಟರಲ್ಲಿ ಅತ್ತೆ ನಡುವೆ ನಿಂತು ಉಸಿರು ಎಳೆದುಕೊಳ್ಳಬೇಕು. ಅವರ ಮನೆ ಇರುವುದು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಗೆ. ಅದಿರಿಗೆ ಬಂಗಾರದ ಬೆಲೆ ಬಂದ ವರ್ಷಗಳವು. ಅದಿರಿನ ಲಾರಿಗಳು ಧೂಳೆಬ್ಬಿಸುತ್ತ ಒಂದರ ಹಿಂದೊಂದು ಓಡುತ್ತಿದ್ದವು. ನಾಯಿ ಕೆಂಪು, ಗಿಡ ಕೆಂಪು, ತಟ್ಟೆಯೊಳಗಿನ ಮೊಸರನ್ನವೂ ಕೆಂಪು! ಆ ಧೂಳು ಅತ್ತೆಯ ಎದೆಗೆ ಹೋಗಿ ಕುಳಿತಿತ್ತು. ಡಾಕ್ಟರು ಔಷಧವನ್ನು ಆವಿ ಮಾಡಿ ಮೂಗಿಗೆ ಕೊಡುವ ಮಷೀನು ತರಿಸಿದ್ದರು. ಮಷೀನಿಗೆ ಕರೆಂಟು ಬೇಕು. ನಮ್ಮೂರ ಕರೆಂಟೋ, ಹೇಳದೆ ಕೇಳದೆ ಎದ್ದು ಹೋಗುವ ಜಾತಿ.

ಲಾರಿ ಕೊಂಡು ಸಾಹುಕಾರರಾದ ಅಕ್ಕಪಕ್ಕದವರು ಜನರೇಟರ್ ತಂದರು. "ಅದರ ಹೊಗಿ ಕುಡದು ಆಕಿ ಮತ್ತ ಕೆಮ್ಮಬೇಕೇನು?" ಎಂದು ಮಾವ ಸೋಲಾರಿನ ಹಿಂದೆ ಬಿದ್ದರು. ನನ್ನ ಭಾನುವಾರಗಳು ಅಲ್ಲಿಗೆ ತೀರಿದವು. ಮಾವ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಸೀಮೆಸುಣ್ಣ ಹಿಡಿದು ನಡುಮನೆಯ ನೆಲದ ತುಂಬ ನಕ್ಷೆ ಬರೆದು ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು.

"ಪೆನ್ಶನ್ನಿನಾಗ ಈಗ ಒಂದ ಪ್ಯಾನಲ್ಲು, ಒಂದ ಬ್ಯಾಟರಿ. ಆಕಿ ಮಷೀನಿಗೆ ಅಷ್ಟ ಸಾಕು. ಆಮ್ಯಾಲ ಫ್ಯಾನು, ಆಮ್ಯಾಲ ಟಿವಿ, ಆಮ್ಯಾಲ ಬೋರಿನ ಮೋಟರು!"

"ಆಮ್ಯಾಲ ಊರಿಗೆಲ್ಲ ಕರೆಂಟು ಕೊಡ್ರಿ ಮಾವ," ಎಂದೆ ಸುಸ್ತಾಗಿ.

"ಕೊಡಬೌದು ಲೇ, ಯಾಕ ಕೊಡಬಾರದು?"

ಮಾಳಿಗೆಯ ಮೇಲೆ ಎಂಟು ಪ್ಯಾನಲ್ ಹಿಡಿಸುವ ಕಬ್ಬಿಣದ ಸ್ಟ್ಯಾಂಡು ಎದ್ದಿತು. ಅದರ ಒಂದು ಮೂಲೆಯಲ್ಲಿ, ಮುದುಕನ ಬಾಯಲ್ಲಿ ಉಳಿದ ಒಂಟಿ ಹಲ್ಲಿನ ಹಾಗೆ ಒಂದೇ ಒಂದು ಪ್ಯಾನಲ್! ಉಳಿದ ಜಾಗದಲ್ಲಿ ಅತ್ತೆ ಮಾವನ ಕೈಲಿ ಸೀರೆ ಒಣಹಾಕಿಸಿದರು. "ಖರೇ ಹೇಳ್ತೀನಿ, ಮಸ್ತ್ ಅನುಕೂಲ ಆತು ನೋಡು," ಎಂದರು.

ಅನುಕೂಲವಾಗಿದ್ದು ಸೀರೆಗೆ ಮಾತ್ರ. ಬ್ಯಾಟರಿ ತುಂಬಲೊಲ್ಲದು. ಆ ಹೆಣಭಾರದ ಬ್ಯಾಟರಿಯನ್ನು ಆಟೋದಲ್ಲಿ ಹೇರಿಕೊಂಡು ಹೊಸಪೇಟೆಯ ಅಂಗಡಿಗೆ ಹೋದವನು ಯಾರು? ನಾನೇ! "ಬ್ಯಾಟರಿ ಗಟ್ಟಿ ಐತ್ರಿ, ಮ್ಯಾಲೆ ಹತ್ತಿ ನೋಡ್ರಿ," ಎಂದು ಅಂಗಡಿಯವನು ತಿರುಗಿಸಿ ಕಳಿಸಿದ. ಮಧ್ಯಾಹ್ನದ ರಣ ಬಿಸಿಲಲ್ಲಿ ಮಾವನ ಜೊತೆ ಹತ್ತಿ ನೋಡುತ್ತೇನೆ, ಪ್ಯಾನಲ್ಲಿಗೆ ಹೂವಿನ ಚಿತ್ರದ ಗೌಸು! ಹಳೆಯ ಹಾಸಿಗೆ ಬಟ್ಟೆಯದು, ಅಂಚಿಗೆ ಲಾಡಿ ಬೇರೆ.

"ಇದೇನ್ರಿ ಮಾವ?"

"ಧೂಳು ಲೇ! ಹೊಸಾ ಸಾಮಾನು ಹಾಳಾಗ್ತೈತಿ. ಹಗಲೆಲ್ಲ ಲಾರಿ ಓಡ್ತಾವಲ್ಲ, ಮುಚ್ಚಿರ್ತೀನಿ. ಸಂಜಿಗೆ ಕಮ್ಮಿ ಆದ ಮ್ಯಾಲೆ ತೆಗೀತೀನಿ."

"ಸಂಜಿಗೆ ಸೂರ್ಯ ಇರ್ತಾನೇನ್ರಿ?"

ಮಾವ ಗಡ್ಡ ಕೆರೆದುಕೊಂಡರು. "ಹೌದಲ್ಲೋ!" ಎನ್ನುತ್ತ ಗೌಸು ಬಿಚ್ಚಿ ಕೈಗೆ ತೆಗೆದುಕೊಂಡರು.

ಕೆಳಗೆ ಅಂಗಳದಲ್ಲಿದ್ದ ಅತ್ತೆಗೆ ಇದು ಕೇಳಿಸಿತು. ಬಿದ್ದು ಬಿದ್ದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ನಾವು ಇಳಿದು ಬರುವಷ್ಟರಲ್ಲಿ ಅವರು ಗೋಡೆ ಹಿಡಿದು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದರು. ಕರೆಂಟಿಲ್ಲ. ಬ್ಯಾಟರಿ ಖಾಲಿ. ಬ್ಯಾಟರಿ ತಂದ ಆಟೋ ಇನ್ನೂ ಬಾಗಿಲಲ್ಲೇ ಇತ್ತು, ಪುಣ್ಯ. ಆಸ್ಪತ್ರೆಯವರೆಗೂ ಮಾವ ಕೈಯಲ್ಲೇ ಉಳಿದಿದ್ದ ಆ ಗೌಸಿನಿಂದ ಅತ್ತೆಯ ಹಣೆಯ ಬೆವರು ಒರೆಸುತ್ತಲೇ ಇದ್ದರು. ನನಗೆ ಆ ದಿನ ಭಾಳ ಹೆದರಿಕೆಯಾಗಿತ್ತು.

ಅತ್ತೆ ಚೇತರಿಸಿಕೊಂಡು ಮನೆಗೆ ಬಂದರು. ಅಂದೇ ಮಾವ ಗೌಸು ಹರಿದು ಪ್ಯಾನಲ್ ಒರೆಸುವ ಬಟ್ಟೆ ಮಾಡಿಕೊಂಡರು. ಹೊತ್ತು ಹೊತ್ತಿಗೆ ಏಣಿ ಹತ್ತುವುದು, ಒರೆಸುವುದು, ಇಳಿಯುವುದು. ಬ್ಯಾಟರಿ ತುಂಬತೊಡಗಿತು. ಕರೆಂಟು ಹೋದಾಗಲೂ ಮಷೀನು ಗುರ್ ಎಂದು ಓಡಿತು.

ಬೇಸಿಗೆ ಬಂತು. ಬಳ್ಳಾರಿ ಸೀಮೆಯ ಬೇಸಿಗೆ, ಹೇಳಬೇಕೆ? ಕರೆಂಟು ಹೋದ ಮನೆಯಲ್ಲಿ ಮಾವ ಬನಿಯನ್ನು ಒದ್ದೆ ಮಾಡಿಕೊಂಡು ಕುಳಿತಿದ್ದರು. ಪಾಪ ಎನಿಸಿ ನಾನೇ ಒಂದು ಪುಟ್ಟ ಟೇಬಲ್ ಫ್ಯಾನು ಕೊಂಡು ಹೋದೆ. ಸಿಗಿಸಲು ಜಾಗ ಹುಡುಕಿದೆ. ಮಾವ ಮುಂದಕ್ಕೆಂದು ಬಿಟ್ಟಿದ್ದ ಸೋಲಾರಿನ ತಂತಿಗಳ ತುದಿಗೆಲ್ಲ ಟೇಪು ಸುತ್ತಿಬಿಟ್ಟಿದ್ದರು. ಉಳಿದದ್ದು ಅತ್ತೆಯ ಮಂಚದ ಬಳಿಯ ಒಂದೇ ಪ್ಲಗ್ಗು.

"ಇದೇನ್ರಿ ಮಾವ, ಮುಂದ ಬೆಳಸಬೌದು ಅಂತಿದ್ರಿ?"

"ಬ್ಯಾಡ ಲೇ. ನಾ ಗಾಳಿ ತಗೊಂಡ್ರ ಆಕಿಗೆ ಎಲ್ಲಿ ಕಮ್ಮಿ ಬೀಳತೈತೋ. ಆಕಿ ಉಸುರಾಡ್ಕೊಂತ ಇರ್ಲಿ, ನನಗ ಮುಂದ ಇನ್ನೇನೂ ಬೇಕಾಗಿಲ್ಲ."

ಹೊರಗೆ ಲಾರಿಗಳು ಹೋದವು. ಮಾವ ಒರೆಸುವ ಬಟ್ಟೆ ಒದ್ದೆ ಮಾಡಿಕೊಂಡು ಎದ್ದರು. ನಾನು ಫ್ಯಾನನ್ನು ಮೂಲೆಗಿಟ್ಟು, ಹೋಗಿ ಏಣಿ ಹಿಡಿದುಕೊಂಡೆ.