ಹೊಟ್ಟೆಯೊಳಗಿನ ಹಾಡ

ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆದವಳಿಗೆ ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲವಲ್ಲ, ಹಾಗಾಗಿ ಬಂದವರೆಲ್ಲ ಏನಾದರೊಂದು ಊಹಿಸಿಕೊಂಡೇ ಬರುತ್ತಾರೆ. ಮೊಬೈಲ್ ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಕಾರವಾರದ ನಮ್ಮ ಪುಟ್ಟ ಆಸ್ಪತ್ರೆಗೆ ಬರುತ್ತಿದ್ದ ಒಂದೇ ಮನೆಯವರು ನನಗೆ ಜೀವಮಾನಕ್ಕಾಗುವಷ್ಟು ನಗು ಕೊಟ್ಟರು.

ಅತ್ತೆ ಕಾರವಾರದವರು, ಮನೆಮಾತು ಕೊಂಕಣಿ. ಸೊಸೆ ಅಂಕೋಲೆಯ ಅಗಸೂರು ಕಡೆಯವಳು, ಕನ್ನಡದವಳು. ಮಗನಿಗೆ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಹಿಂದಿನ ವರ್ಷ ಸೊಸೆಯ ಮೊದಲ ಬಸಿರು ನಿಂತಿರಲಿಲ್ಲ. ಈ ಸಲ ಮೂವರೂ ಉಸಿರು ಬಿಗಿಹಿಡಿದುಕೊಂಡೇ ಬರುತ್ತಿದ್ದರು. ಅವರನ್ನು ಕಂಡರೆ ನನಗೂ ಜೀವ.

ಬಾಲ

ನಮ್ಮ ಡಾಕ್ಟರಮ್ಮ ಧಾರವಾಡದವರು, ಹೊಸದಾಗಿ ಬಂದಿದ್ದರು. ಮಗು ತಿಂಗಳು ತಿಂಗಳಿಗೆ ಹೇಗೆ ಬೆಳೆಯುತ್ತದೆ ಎಂಬ ದೊಡ್ಡ ಚಿತ್ರವನ್ನು ಗೋಡೆಗೆ ಹಾಕಿಸಿದ್ದರು. ಮೊದಲ ತಿಂಗಳ ಮಗು ನೋಡಲು ಥೇಟ್ ಸಿಗಡಿ. ಬಗ್ಗಿದ ಬೆನ್ನು, ತುದಿಗೊಂದು ಬಾಲ.

ಮಗ ಆ ಚಿತ್ರದ ಮುಂದಿನಿಂದ ಕದಲಲೇ ಇಲ್ಲ. "ಸಿಸ್ಟರ್, ಹಿಂದೆ ಇದು ಎಂತದು?"

"ಬಾಲ. ಮೊದಲು ಎಲ್ಲ ಮಕ್ಕಳಿಗೂ ಇರ್ತದೆ, ಆಮೇಲೆ ತಾನಾಗಿ ಕರಗ್ತದೆ. ಬೆನ್ನಿನ ತುದಿಯಲ್ಲಿ ಒಂದು ಸಣ್ಣ ಎಲುಬು ಉಳೀತದೆ, ಅಷ್ಟೆ."

ಅವನು ಮೆಲ್ಲಗೆ ತನ್ನ ಬೆನ್ನ ಹಿಂದೆ ಕೈ ಹಾಕಿ ಮುಟ್ಟಿ ನೋಡಿಕೊಂಡ. "ಎಲ್ಲರಿಗೂ ಕರಗ್ತದ್ಯಾ?"

ಅಲ್ಲಿಯವರೆಗೆ ಹೆದರಿ ಬಾಯಿ ಬಿಡದೆ ಕೂತಿದ್ದ ಸೊಸೆ ಹೇಳಿದಳು: "ಇವರದ್ದು ಪೂರಾ ಕರಗ್ಲಿಲ್ಲ ಸಿಸ್ಟರ್. ಒಂದು ಕಡೆ ಸುಮ್ನೆ ಕೂತದ್ದು ನಾನಂತೂ ನೋಡ್ಲಿಲ್ಲ."

ಮುಳ್ಳು

ಹೆದರಿಕೆಯ ತಿಂಗಳು ದಾಟಿತು. ಮುಂದಿನ ಸಲ ಎಲುಬಿನ ಮಾತು ಬಂತು. ಮಗುವಿನ ಎಲುಬು ಮೊದಲಿಗೇ ಗಟ್ಟಿ ಇರುವುದಿಲ್ಲ, ನಮ್ಮ ಕಿವಿಯ ಹಾಗೆ ಮೆತ್ತಗೆ ಬಗ್ಗುವಂತಿರುತ್ತದೆ, ಬರಬರುತ್ತ ಗಟ್ಟಿಯಾಗುತ್ತದೆ ಎಂದು ಹೇಳಿದೆ. ಮೀನು ತಿನ್ನುವ ಮನೆಯವರಿಗೆ ಮೀನಿನಲ್ಲೇ ಹೇಳಿದರೆ ತಿಳಿದೀತೆಂದು "ಮೋರಿಯ ಎಲುಬಿನ ಹಾಗೆ" ಎಂದೂ ಸೇರಿಸಿದೆ. ಮೋರಿ ಎಂದರೆ ಸಣ್ಣ ಶಾರ್ಕ್. ಅದರಲ್ಲಿ ಚುಚ್ಚುವ ಮುಳ್ಳೇ ಇಲ್ಲ, ಇರುವುದನ್ನೆಲ್ಲ ಜಗಿದು ನುಂಗಬಹುದು. ಅತ್ತೆ ಗಂಭೀರವಾಗಿ ತಲೆಯಾಡಿಸಿದರು.

ಕೆಲವು ದಿನ ಬಿಟ್ಟು ಮಗ ಒಬ್ಬನೇ ಬಂದ, ಕತ್ತು ಓರೆ ಮಾಡಿಕೊಂಡು.

"ಆಯಿ ಮನೇಲಿ ಮೋರಿ ಬಂದ್ ಮಾಡಿದ್ದಾಳೆ ಸಿಸ್ಟರ್. ಮುಳ್ಳಿಲ್ಲದ ಮೀನು ತಿಂದ್ರೆ ಪಾಪೂನ ಎಲುಬು ಮೆತ್ತಗೇ ಉಳೀತದಂತೆ. ದಿನಾ ಬರೀ ಮುಳ್ಳಿನ ತಾರ್ಲೆ ಮೀನು."

"ಅದು ನಿನ್ನ ಹೆಂಡತಿಗಲ್ವಾ?"

"ಅಪ್ಪನ ಎಲುಬೂ ಲೆಕ್ಕಕ್ಕೆ ಬರ್ತದಂತೆ."

ಡಾಕ್ಟರಮ್ಮ ಟಾರ್ಚ್ ಬೆಳಕು ಬಿಟ್ಟು, ಇಕ್ಕಳ ಹಾಕಿ ಗಂಟಲಿನಿಂದ ಮುಳ್ಳು ಎಳೆದರು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. "ಪಾಪೂಗೆ ಬರೂಕಿಂತ ಮೊದಲು ನನಗೇ ಬಂತು."

ಹಾಡ

ಕೊಂಕಣಿಯಲ್ಲಿ ಎಲುಬಿಗೆ ಹಾಡ ಎನ್ನುತ್ತಾರೆ. ಇದು ಕಾರವಾರದ ಮೀನುಪೇಟೆಯ ಬೆಕ್ಕಿಗೂ ಗೊತ್ತು. ಧಾರವಾಡದ ಡಾಕ್ಟರಿಗೆ ಗೊತ್ತಿರಲಿಲ್ಲ.

ಐದನೇ ತಿಂಗಳ ಸ್ಕ್ಯಾನಿಂಗ್. ಸೊಸೆ ಮಲಗಿದ್ದಳು. ನಾನು ಪರದೆಯ ಆಚೆ ಸಾಮಾನು ತೊಳೆಯುತ್ತಿದ್ದೆ. ಮೋರಿಯ ಚಿಂತೆ ತಲೆಯಲ್ಲಿಟ್ಟುಕೊಂಡೇ ಬಂದಿದ್ದ ಅತ್ತೆ ತಮ್ಮ ಬೆರಕೆ ಕನ್ನಡದಲ್ಲಿ ಕೇಳಿದರು: "ಡಾಕ್ಟ್ರೆ, ಪಾಪೂಗೆ ಹಾಡ ಬಂದದ್ಯಾ?"

ಡಾಕ್ಟರಮ್ಮ ನಕ್ಕರು. "ಈಗ ಹ್ಯಾಂಗ ಬರತದ ಅಜ್ಜಿ? ಹುಟ್ಟಿ ನಾಕೈದು ವರ್ಷ ಆದಮ್ಯಾಲ ಕಲಿಸಿದ್ರ ಬರತದ."

ಅತ್ತೆ ಗೋಡೆ ಹಿಡಿದುಕೊಂಡರು. "ಅಲ್ಲಿವರೆಗೆ?"

"ಅವಸರ ಏನೈತ್ರೀ? ಕೆಲವ್ರಿಗೆ ಜೀವಮಾನ ಪೂರ್ತಿ ಬರಂಗಿಲ್ಲ. ನನಗ ನೋಡ್ರಿ, ಒಂದೂ ಬರಂಗಿಲ್ಲ. ನಮ್ಮ ಮನ್ಯಾಗ ಯಾರಿಗೂ ಇಲ್ಲ."

ಅತ್ತೆ ಡಾಕ್ಟರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹತ್ತಿರ ಬಂದು ಅವರ ಮಣಿಕಟ್ಟನ್ನು ಎರಡು ಬೆರಳಲ್ಲಿ ಒತ್ತಿ, "ಮತ್ತೆ ಇದು ಎಂತದು?" ಎಂದರು.

ನಾನು ಒದ್ದೆ ಕೈಯಲ್ಲೇ ಓಡಿಬಂದು ಬಿಡಿಸಿ ಹೇಳಿದೆ. ನಗು ಒತ್ತಿಕೊಂಡು ಬರುತ್ತಿತ್ತು, ಆದರೆ ಅತ್ತೆಯ ಕಣ್ಣು ತುಂಬಿದ್ದು ಕಂಡು ಸುಮ್ಮನಾದೆ. ಡಾಕ್ಟರಮ್ಮ ಸ್ಕ್ರೀನ್ ಅವರ ಕಡೆ ತಿರುಗಿಸಿದರು. ಕತ್ತಲಲ್ಲಿ ಬಿಳಿ ಮಣಿ ಪೋಣಿಸಿದಂತೆ ಪುಟ್ಟ ಬೆನ್ನೆಲುಬು. ಅತ್ತೆ ಅದಕ್ಕೆ ಕೈ ಮುಗಿದರು.

ಹೆರಿಗೆಯ ದಿನ ಹೆಣ್ಣುಮಗು ಹೊರಗೆ ಬಂತು, ಅಳಲಿಲ್ಲ. ಬಾಗಿಲಾಚೆ ಅತ್ತೆ, ಮಗ ನಿಂತಿದ್ದರು. ಡಾಕ್ಟರಮ್ಮ ಬಾಯಿ ಮೂಗು ಒರೆಸಿ ಬೆನ್ನು ಉಜ್ಜುತ್ತಲೇ ಇದ್ದರು. ಕೊನೆಗೆ ಮಗು ಆಸ್ಪತ್ರೆಯೇ ಹಾರಿಹೋಗುವಂತೆ ಕಿರುಚಿತು. "ಅಜ್ಜೀ, ಹಾಡು ಬಂತ್ರೀ!" ಎಂದು ಡಾಕ್ಟರಮ್ಮ ಕೂಗಿದರು.

ಮೊಮ್ಮಗಳನ್ನು ಎತ್ತಿಕೊಂಡ ಅತ್ತೆ ಕೈ, ಕಾಲು, ಬೆನ್ನು ಎಲ್ಲ ಒತ್ತಿ ನೋಡಿದರು. ನೆತ್ತಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಮೆತ್ತಗೆ ಮಿಡಿಯುತ್ತಿತ್ತು. "ಡಾಕ್ಟ್ರೆ, ಇಲ್ಲಿ ಹಾಡ ಇಲ್ಲ."

"ಅದು ಹಾಡಿನ ಕಡೀ ನುಡಿ ಅಜ್ಜಿ. ನೆತ್ತಿ ಕೂಡಾಕ ವರ್ಷದ ಮ್ಯಾಲ ಬೇಕು, ಎಲ್ಲಾ ಕೂಸಿಗೂ ಹಂಗ. ಮನ್ಯಾಗ ಕೂತು ನಿಧಾನ ಮುಗಸ್ತಾಳ."

ಅತ್ತೆ ಮಗುವನ್ನು ಎದೆಗೊತ್ತಿಕೊಂಡು ಡಾಕ್ಟರಮ್ಮನ ಮಣಿಕಟ್ಟು ಸವರಿದರು.

"ನಿಮ್ಗೆ ಒಂದೂ ಬರ್ದಿದ್ರೂ ಅಡ್ಡಿಲ್ಲ ಡಾಕ್ಟ್ರೆ. ನಮ್ಮ ಕೂಸಿಗೆ ಬಂತಲ್ಲ, ಸಾಕು."