ಎಮ್ಮೆಯ ಹಗ್ಗದಷ್ಟು ದೂರ

"ಹಿಂದಕ್ಕ ಸರೀಲೇ! ಎಮ್ಮಿ ಬಿಡ್ತೇನಿ!"

ಹಿತ್ತಲ ಗುಡಿಸಲಿನಿಂದ ನಮ್ಮ ಕಾಕಾ ಕೂಗಿದರು. ನಾನು ರೊಟ್ಟಿ ತಟ್ಟೆ ಹಿಡಿದು ನಿಂತಿದ್ದೆ. ಕೊರೊನಾಕ್ಕೆ ಹೆದರದವರು ಕಲ್ಲೋಳಿಯಲ್ಲಿ ಬಹಳ ಮಂದಿ ಇದ್ದರು. ಕಾಕಾನ ಎಮ್ಮೆಗೆ ಹೆದರದವರು ಒಬ್ಬರೂ ಇರಲಿಲ್ಲ!

ಕಾಕಾ ಅಂದರೆ ಮುಟ್ಟದೆ ಮಾತಾಡಲು ಬಾರದ ಮನುಷ್ಯ. ಹೆಗಲಿಗೆ ಕೈ ಹಾಕುತ್ತಾರೆ, ಬೆನ್ನಿಗೆ ಗುದ್ದುತ್ತಾರೆ, ನಿಮ್ಮ ತಟ್ಟೆಯ ರೊಟ್ಟಿಯನ್ನೇ ಮುರಿದು ತಿನ್ನುತ್ತಾರೆ. ಇಂಥವರು ಹುಕ್ಕೇರಿಯಲ್ಲಿ ಮದುವೆ ಉಂಡು ಕೆಮ್ಮು ತಂದರು. ಪರೀಕ್ಷೆ ಮಾಡಿಸಿದರೆ ಕೊರೊನಾ! ಮನೆಯಲ್ಲಿ ಅಕ್ಕ ಹೆರಿಗೆಗೆಂದು ಬಂದಿದ್ದಳು, ದಿನ ತುಂಬಿದ್ದವು. ಕಾಕಾ ಯಾರನ್ನೂ ಕೇಳಲಿಲ್ಲ. ಕಂಬಳಿ ಹೊತ್ತು ಗುಡಿಸಲು ಸೇರಿದರು. ಯಾರೂ ಒಳಗೆ ಬರಬಾರದೆಂದು ಬಾಗಿಲಿಗೆ ಎಮ್ಮೆ ಕಟ್ಟಿದರು. ಅದು ಅವರೊಬ್ಬರನ್ನು ಬಿಟ್ಟು ಎಲ್ಲರನ್ನೂ ಹಾಯುತ್ತದೆ.

ತಟ್ಟೆಯನ್ನು ನಾನು ಉದ್ದನೆಯ ಗಳದಿಂದ ತಳ್ಳಬೇಕು.

"ರೊಟ್ಟಿ ಎಲ್ಲೈತೋ?"

"ನಿಮ್ಮ ಎಮ್ಮೀನ ಕೇಳ್ರಿ ಕಾಕಾ!"

"ಅದಕ್ಕೂ ಹಸಿವಿ ಇರ್ತೈತಿ. ಇನ್ನೊಂದ ತಾ."

ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ಚೌಕದೊಳಗೆ ಯಾರಾದರೂ ನಿಂತರೇ? ಇಲ್ಲ! ಎಮ್ಮೆಯ ಹಗ್ಗ ಎಲ್ಲಿ ಮುಗಿಯುತ್ತದೋ, ಅದರಾಚೆ ಮಾತ್ರ ಇಡೀ ಓಣಿ ಶಿಸ್ತಾಗಿ ಕೂತಿತು. ಮುಖಕ್ಕೆ ಟವೆಲ್ ಸುತ್ತಿಕೊಂಡು ದಿನಾ ಸಂಜೆ ಹರಟೆ. ಒಂದು ಸಂಜೆ ಮಾತ್ರ ಒಳಗಿಂದ ದನಿಯೇ ಇಲ್ಲ. ಬಾಜೂಮನೆ ಅಜ್ಜಿ ಎದ್ದು ನಿಂತು ಕೂಗಿದಳು:

"ಏ, ಅದಿಯೋ ಇಲ್ಲೋ?"

"ಅದೇನಿ ಬೇ! ಹಿಂಗ ಒದರಿದ್ರ ಹೆಂಗ ನಿದ್ದಿ ಮಾಡ್ಲಿ?"

ಆ ದಿನ ಅಜ್ಜಿ ಬೈದದ್ದು ನೋಡಬೇಕಿತ್ತು! ಬೈಯುತ್ತಾ ಕಣ್ಣು ಒರೆಸಿಕೊಂಡಳು.

ನೋಡಲು ಬಂದ ಆಶಾ ಕಾರ್ಯಕರ್ತೆಯೂ ಹಗ್ಗದಾಚೆಯೇ ನಿಂತರು. "ಇಂಥಾ ಎಮ್ಮಿ ಓಣಿಗೊಂದ ಬೇಕಾಗಿತ್ತ ನೋಡ್ರಿ," ಅಂದರು. ನಮ್ಮ ಮನೆಯಲ್ಲಿ ಮತ್ತೊಬ್ಬರಿಗೆ ಕೆಮ್ಮು ಬರಲಿಲ್ಲ.

ಗೋಕಾಕದ ಆಸ್ಪತ್ರೆಯಲ್ಲಿ ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಅವಳು ಕೂಸಿನೊಂದಿಗೆ ಮನೆಗೆ ಬರುವ ಹೊತ್ತಿಗೆ ಕಾಕಾನೂ ಗುಣವಾಗಿದ್ದರು. ಹೊರಗೆ ಬರಬಹುದೆಂದು ಡಾಕ್ಟರೇ ಹೇಳಿದ್ದರು. ಸ್ನಾನ ಮಾಡಿ, ಮಾಸ್ಕ್ ಹಾಕಿಕೊಂಡು ಬಂದವರು ಹೊಸ್ತಿಲಲ್ಲೇ ನಿಂತರು.

"ಬರ್ರಿ ಕಾಕಾ, ಎತ್ಕೋರಿ," ಅಂದಳು ಅಕ್ಕ.

"ಇನ್ನೊಂದೆರಡ ದಿನಾ ತಡಿ, ಮಗಳ. ಕೂಸಿನ ಉಸರ ಭಾಳ ಸಣ್ಣದೈತಿ."

ಕೈಗಳು ತಾವಾಗಿ ಮುಂದೆ ಹೋದಾವೆಂದು ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಅಕ್ಕ ತೊಟ್ಟಿಲನ್ನೇ ಬಾಗಿಲ ಕಡೆಗೆ ಎಳೆದಳು.

ಅಷ್ಟೇ. ಇನ್ನು ನನಗೆ ಹೇಳುವುದು ಏನೂ ಇಲ್ಲ.